ಮೊದಲು ಆ ಫಿಲ್ಟರ್ ಬಿಚ್ಚಿ ನೋಡು

ಚಿ. ಸೌ. ಪುಟ್ಟಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ನಿನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿ ಬೇಜಾರಾಯಿತು. ವಾಷಿಂಗ್ ಮಷಿನ್ ತುಂಬ ನೀರು, ಒಳಗೆ ಮಗುವಿನ ಬಟ್ಟೆ, ಬಾಗಿಲು ಬೇರೆ ತೆಗೆಯೋಕೆ ಆಗುತ್ತಿಲ್ಲ. ಬಂದ ಹುಡುಗ ಎರಡೇ ನಿಮಿಷ ನೋಡಿ ‘ಬೋರ್ಡ್ ಹೋಗಿದೆ’ ಅಂದನಂತೆ, ಅಂದರೆ ಮಷಿನ್ ನಡೆಸುವ ಎಲೆಕ್ಟ್ರಾನಿಕ್ ಹಲಗೆ. ಹೋಗಿದ್ದರೂ ಹೋಗಿರಬಹುದು. ಆದರೆ ಮಷಿನ್ ನೀರು ತುಂಬಿಸಿಕೊಂಡಿದೆ, ಬಟ್ಟೆ ತಿರುಗಿಸಿದೆ, ನೀರು ಹೊರಗೆ ಬಿಡುವಾಗ ಮಾತ್ರ ನಿಂತಿದೆ. ಹಾಗಾಗಿ ನನಗೆ ಮೊದಲ ಅನುಮಾನ, ಹೊರಹೋಗುವ ನೀರಿನ ಕಸ ತಡೆಯುವ ಫಿಲ್ಟರ್ ಮೇಲೆ. ದುಡ್ಡು ಕೊಡುವ ಮುಂಚೆ ಅರ್ಧ ಗಂಟೆ ನೀನೇ ನೋಡು.

ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಹಾಕು. ನಲ್ಲಿ ನಿಲ್ಲಿಸು. ಮುಂದುಗಡೆ, ತಳದ ಮೂಲೆಯಲ್ಲಿ ಒಂದು ಸಣ್ಣ ಮುಚ್ಚಳ ಇರುತ್ತದೆ. ಅದರೊಳಗೆ ಬೆರಳುಗಾತ್ರದ ಪೈಪ್ ಇದ್ದರೆ, ಬಿರಡೆ ತೆಗೆದು ನೀರನ್ನು ತಗ್ಗಾದ ತಟ್ಟೆಗೆ ಬಿಡು. ತುಂಬಿದರೆ ಬಿರಡೆ ಹಾಕಿ, ಚೆಲ್ಲಿ ಬಂದು, ಮತ್ತೆ ಬಿಡು. ಹತ್ತು ಹದಿನೈದು ಸಲ ಆಗಬಹುದು, ಆತುರ ಬೇಡ. ಪೈಪ್ ಇಲ್ಲದಿದ್ದರೆ ಪಕ್ಕದ ದೊಡ್ಡ ತಿರುಪನ್ನೇ ಚೂರು ಚೂರು ಸಡಿಲಿಸಿ ನೀರು ಬಿಡಬೇಕು. ಆ ತಿರುಪೇ ಫಿಲ್ಟರ್. ಎಡಕ್ಕೆ ತಿರುಗಿಸಿದರೆ ಬರುತ್ತದೆ.

ಚಿಲ್ಲರೆ ಕಾಸು, ಹೇರ್‌ಪಿನ್, ಕೂದಲು, ಮಗುವಿನ ಕಾಲುಚೀಲ, ಏನು ಬೇಕಾದರೂ ಸಿಗಬಹುದು. ಆಮೇಲೆ ಆ ತೂತಿಗೆ ಟಾರ್ಚ್ ಬಿಡು. ಹಿಂದೆ ಪಂಪಿನ ಸಣ್ಣ ರೆಕ್ಕೆ ಕಾಣುತ್ತದೆ. ಕಡ್ಡಿಯಿಂದ ಮೆಲ್ಲಗೆ ತಿರುಗಿಸು. ತಡೆದು ತಡೆದು ತಿರುಗಿದರೆ ಹೆದರಬೇಡ, ಒಳಗೆ ಅಯಸ್ಕಾಂತ ಇರುವುದರಿಂದ ಹಾಗೆ.

ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಬಂದವರು ಹೇಳಿದ್ದಕ್ಕೆ ಹೊಸ ಪಂಪ್ ಹಾಕಿಸಿದೆ. ಹಳೆಯದನ್ನು ಆಮೇಲೆ ಬಿಚ್ಚಿದರೆ ರೆಕ್ಕೆಗೆ ನಿಮ್ಮತ್ತೆಯ ರವಿಕೆ ಹುಕ್ಕು ಸಿಕ್ಕಿಕೊಂಡಿತ್ತು, ಅಷ್ಟೇ. ಚೆನ್ನಾಗಿದ್ದ ವಸ್ತುವನ್ನು ಸುಮ್ನೆ ಗುಜರಿಗೆ ಹಾಕುತ್ತಿದ್ದೆವಲ್ಲ ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಫಿಲ್ಟರ್ ಶುದ್ಧವಾಗಿದ್ದರೆ, ನೀರು ಹೊರಗೆ ಬಿಡುವ ಹಿಂದಿನ ಪೈಪ್ ಮಡಚಿಕೊಂಡಿದೆಯಾ ನೋಡು. ಗೋಡೆಗೆ ಮಷಿನ್ ಜಾಸ್ತಿ ಒತ್ತಿಟ್ಟರೂ ಹಾಗಾಗುತ್ತದೆ.

ಇನ್ನೊಂದು ಮಾತು. ನಿಮ್ಮದು ಬೋರ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್ ನೀರು. ನಲ್ಲಿ ಪೈಪ್ ಮಷಿನ್‌ಗೆ ಸೇರುವ ಜಾಗದಲ್ಲಿ ಸಣ್ಣ ಜಾಲರಿ ಇದೆ. ಅದಕ್ಕೆ ಮರಳು ಕಟ್ಟಿಕೊಂಡರೆ ನೀರು ತುಂಬೋದೇ ನಿಧಾನ ಆಗುತ್ತದೆ. ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ಆಗಾಗ ಉಜ್ಜು. ಸೋಪಿನ ಪುಡಿಯನ್ನೂ ಅಳತೆ ಮಾಡಿಯೇ ಹಾಕು. ನೊರೆ ಜಾಸ್ತಿಯಾದರೂ ಮಷಿನ್ ಸ್ಪಿನ್ ಮಾಡದೆ ನಿಲ್ಲುತ್ತದೆ.

ಆದರೆ ನೀನು ಕೈ ಹಾಕಬಾರದ ಕೆಲಸಗಳೂ ಇವೆ. ಮೈ ಮುಟ್ಟಿದರೆ ಜುಮ್ ಅನ್ನುವ ಮಷಿನ್ ಅನ್ನು ಒಂದು ದಿನವೂ ಓಡಿಸಬೇಡ. ಎಲೆಕ್ಟ್ರಿಷಿಯನ್ ಕರೆಸಿ ಮನೆಯ ಅರ್ತಿಂಗ್ ನೋಡಿಸು. ಹಿಂದಿನ ತಗಡು ಬಿಚ್ಚಬೇಡ. ಕೆಲವು ಮಷಿನ್‌ಗಳ ಕೆಪಾಸಿಟರ್‌ನಲ್ಲಿ ಪ್ಲಗ್ ಕಿತ್ತ ಮೇಲೂ ಕರೆಂಟ್ ಉಳಿದಿರುತ್ತದೆ. ಸ್ಪಿನ್ ಆಗುವಾಗ ಹಿಟ್ಟಿನ ಗಿರಣಿ ಹಾಗೆ ಸದ್ದು ಬಂದು, ಖಾಲಿ ಡ್ರಮ್ಮಿನ ಅಂಚು ಹಿಡಿದು ಎತ್ತಿದರೆ ಲಟಲಟ ಅಂದರೆ ಬೇರಿಂಗ್ ಹೋಗಿದೆ ಅಂತ. ಅದು ಮನೆಯಲ್ಲಿ ಆಗುವ ಕೆಲಸ ಅಲ್ಲ. ಬಲ್ಲವರಿಗೇ ಕೊಡು, ತೆಗೆದ ಹಳೆ ಸಾಮಾನನ್ನು ಮಾತ್ರ ಕೇಳಿ ಇಸಿದುಕೋ.

ಫಿಲ್ಟರ್ ವಾಪಸ್ ಹಾಕುವಾಗ ತಿರುಪಿನ ಎಳೆ ಸರಿಯಾಗಿ ಕೂರಿಸಿ ಗಟ್ಟಿ ತಿರುಗಿಸು. ಕೆಳಗೆ ಪೇಪರ್ ಹಾಸಿ, ಬಟ್ಟೆ ಹಾಕದೆ ಒಂದು ಸಲ ಓಡಿಸು. ಪೇಪರ್ ಒದ್ದೆ ಆಗದಿದ್ದರೆ ಸರಿ. ಭಾನುವಾರ ಬೆಳಿಗ್ಗೆ ಈ ಕೆಲಸ ಇಟ್ಟುಕೋ, ನಾನು ಮನೆಯಲ್ಲೇ ಇರುತ್ತೇನೆ. ಬಿಚ್ಚುವ ಮುಂಚೆ ವಿಡಿಯೋ ಕಾಲ್ ಮಾಡು.

ಇಂತಿ,
ನಿನ್ನ ಮಾವ