ಮಕ್ಕಳ ಪುಟಕ್ಕೆ ಸ್ವಲ್ಪ ಹುಚ್ಚುತನ ಬೇಕು

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಭಾನುವಾರದ ಮಕ್ಕಳ ಪುಟ ನಮ್ಮನೇಲಿ ಎಲ್ರೂ ಓದ್ತೀವಿ, ಆದ್ರೆ ಬರೀ ನೀತಿಕಥೆ ಸಾರ್. ಎಡ್ವರ್ಡ್ ಲಿಯರ್ ಅಂತ ಒಬ್ಬ ಇಂಗ್ಲಿಷ್ ತಮಾಷೆಗಾರ ಇದ್ದ, ಅಂಥೋರ ಬಗ್ಗೆನೂ ಹಾಕಿ. 1812ರಲ್ಲಿ ಹುಟ್ಟಿದೋನು, ಮೂರ್ಛೆರೋಗ ಬೇರೆ, ಹದಿನೈದು ಹದಿನಾರಕ್ಕೇ ಚಿತ್ರ ಬರೆದು ಹೊಟ್ಟೆ ಹೊರೆಯೋಕೆ ನಿಂತ, ಲಂಡನ್ ಝೂಗೆ ಹೋಗಿ ಜೀವಂತ ಗಿಳಿಗಳನ್ನ ನೋಡ್ಕೊಂಡೇ ಬರೆದು ದೊಡ್ಡ ಪುಸ್ತಕ ಮಾಡ್ದ. 1846ರಲ್ಲಿ ವಿಕ್ಟೋರಿಯಾ ರಾಣಿಗೇ ಡ್ರಾಯಿಂಗ್ ಮೇಷ್ಟ್ರು! ಅದೇ ವರ್ಷ ತಲೆಬುಡ ಇಲ್ಲದ ಪುಟಾಣಿ ಪದ್ಯಗಳ ಪುಸ್ತಕ, ಚಿತ್ರನೂ ಅವನದೇ, ಬರೆದೋನು ಅಂತ ಹಾಕ್ಕೊಂಡ ಹೆಸರು ಮಾತ್ರ ಸುಳ್ಳು.

1873ರಿಂದ 75ರವರೆಗೆ ನಮ್ಮ ದೇಶ ಸುತ್ತಿ ಒಂದು ಪದ್ಯ ಬರೆದ. ಅದ್ರಲ್ಲಿ ಹೆಂಗಸೊಬ್ಬಳು ದೋಬಿ ಮೇಲೆ ಕೂತಿರ್ತಾಳೆ, ಪಂಖಾಗಳು, ಅಂದ್ರೆ ಬೀಸಣಿಗೆಗಳು, ಬಂದು ನೀನೆಷ್ಟು ಚಂದ ಅಂತಾವೆ, ಕೊನೆಗೆ ಕಮರ್‌ಬಂದ್, ಅಂದ್ರೆ ಸೊಂಟಕ್ಕೆ ಸುತ್ತೋ ಪಟ್ಟಿ, ಸಿಟ್ಟಾಗಿ ಬಂದು ಅವಳನ್ನ ನುಂಗ್ತದೆ. ಇದನ್ನ ಹೇಳಿದ್ರೆ ನನ್ನ ಮಗಳು ಬಾಯಲ್ಲಿದ್ದ ಮಂಡಕ್ಕಿ ಎಲ್ಲಾ ಉಗುಳಿ ನಕ್ಕಳು, ನೀತಿಕಥೆಗೆ ಒಂದಿನಾನೂ ಹಂಗೆ ನಕ್ಕಿಲ್ಲ.

ನಮ್ಮೂರಲ್ಲೇ ದೃಶ್ಯಕಲಾ ಕಾಲೇಜಿದೆ, ಅಲ್ಲಿನ ಹುಡುಗ್ರ ಕೈಲಿ ಇಂಥ ಚಿತ್ರಪದ್ಯ ಬರೆಸಿ ವಾರಕ್ಕೊಂದು ಹಾಕಿ ನೋಡಿ.

– ಒಬ್ಬ ಓದುಗ, ವಿದ್ಯಾನಗರ, ದಾವಣಗೆರೆ