ಸೂಪರ್‌ಕೆಪಾಸಿಟರ್: ಮಿತಿಯನ್ನೂ ತಿಳಿಸಿ

ಮಾನ್ಯರೇ,

ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ, ಕ್ಷಣಾರ್ಧದಲ್ಲಿ ಚಾರ್ಜ್ ಆಗುವ ಸಾಧನಗಳಾದ ಸೂಪರ್‌ಕೆಪಾಸಿಟರ್‌ಗಳು ಇನ್ನೇನು ಬ್ಯಾಟರಿಗಳನ್ನು ಮೂಲೆಗೆ ತಳ್ಳಲಿವೆ ಎಂಬ ಮಾತು ಪದೇ ಪದೇ ಕೇಳಿಬರುತ್ತಿದೆ. ಲಿಥಿಯಂ ಅಯಾನ್ ಬ್ಯಾಟರಿಯಲ್ಲಿ ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಕಣಗಳು, ವಿದ್ಯುದ್ವಾರದ (ಎಲೆಕ್ಟ್ರೋಡ್) ಒಳಪದರಗಳಿಗೆ ನುಸುಳಬೇಕು. ಸೂಪರ್‌ಕೆಪಾಸಿಟರ್‌ನಲ್ಲಾದರೋ ಅವು ಸರಂಧ್ರ ಇಂಗಾಲದ ಮೇಲ್ಮೈಗೆ ಅಂಟಿ ನಿಂತರೆ ಸಾಕಾದ್ದರಿಂದ, ಅದು ಕೆಲವೇ ಸೆಕೆಂಡುಗಳಲ್ಲಿ ತುಂಬಿಕೊಳ್ಳುತ್ತದೆ ಮತ್ತು ಲಕ್ಷಾಂತರ ಬಾರಿ ಚಾರ್ಜ್ ಮಾಡಿದರೂ ಹೆಚ್ಚು ಸವೆಯುವುದಿಲ್ಲ. ಆದರೆ ಒಂದು ಕಿಲೋಗ್ರಾಂ ತೂಕದ ಅಂಥ ಬ್ಯಾಟರಿ ಸುಮಾರು 150ರಿಂದ 250 ವ್ಯಾಟ್-ಗಂಟೆ ಶಕ್ತಿಯನ್ನು ಹಿಡಿದಿಟ್ಟರೆ, ಸಾಮಾನ್ಯ ಸೂಪರ್‌ಕೆಪಾಸಿಟರ್ ಹಿಡಿದಿಡುವುದು 10ರ ಆಸುಪಾಸು ಮಾತ್ರ. ಸುಮ್ಮನಿಟ್ಟರೂ ಅದು ಬೇಗ ಬರಿದಾಗುತ್ತದೆ. ಇದನ್ನು ಮುಚ್ಚಿಟ್ಟು ವೇಗವನ್ನಷ್ಟೇ ಹೊಗಳುವುದು ಗ್ರಾಹಕರಿಗೆ ಮಾಡುವ ಅನ್ಯಾಯ. ಬಸ್ಸು ಬ್ರೇಕ್ ಹಾಕಿದಾಗ ಪೋಲಾಗುವ ಶಕ್ತಿಯನ್ನು ಥಟ್ಟನೆ ಹೀರಿಕೊಂಡು, ಮತ್ತೆ ಹೊರಡುವಾಗ ಮರಳಿಸುವಂಥ ಕೆಲಸಕ್ಕೆ ಸೂಪರ್‌ಕೆಪಾಸಿಟರ್ ಅನ್ನು ಬ್ಯಾಟರಿಯ ಜೊತೆಗೂಡಿಸುವ ಪ್ರಯತ್ನಗಳಿಗೆ ಪತ್ರಿಕೆಗಳು ಹೆಚ್ಚು ಜಾಗ ಕೊಡಬೇಕೆಂದು ಕೋರುತ್ತೇನೆ.

– ಒಬ್ಬ ಓದುಗ