ನೋಟಿಸಿನಲ್ಲಿ ಕಾರಣ ಬರೆಯಿರಿ: ಹಣಕಾಸು ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಹಣಕಾಸು ಸಚಿವರೇ,

ಸಣ್ಣ ವ್ಯಾಪಾರಸ್ಥರ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ವೃತ್ತಿ. ತೆರಿಗೆ ನೋಟಿಸು ಕೈಗೆ ಬಂದ ದಿನ ಅವರು ನನ್ನೆದುರು ಕುಳಿತು ಕೇಳುವುದು ಒಂದೇ: ‘ನನ್ನ ತಪ್ಪೇನೆಂದು ಬರೆದಿದ್ದಾರೆ?’ ಎರಡು ಮೂರು ಸಲ ಓದಿದರೂ ಎಷ್ಟೋ ಬಾರಿ ನನಗೇ ಅದು ತಿಳಿಯುವುದಿಲ್ಲ. ಕಲಮುಗಳ ಸಂಖ್ಯೆ, ಮೊತ್ತ, ದಂಡದ ಎಚ್ಚರಿಕೆ ಎಲ್ಲವೂ ಇರುತ್ತವೆ. ಅವರು ಸಲ್ಲಿಸಿದ ಅಂಕಿಗೂ ಇಲಾಖೆಯ ಅಂಕಿಗೂ ಯಾವ ತಿಂಗಳಲ್ಲಿ, ಯಾವ ಬಾಬತ್ತಿನಲ್ಲಿ ವ್ಯತ್ಯಾಸ ಬಂತು ಎಂಬುದು ಮಾತ್ರ ಕಾಣುವುದಿಲ್ಲ.

ಒಬ್ಬರೇ ನಡೆಸುವ ವ್ಯಾಪಾರದಲ್ಲಿ ಮನೆಯ ಹಣವೂ ಅಂಗಡಿಯ ಹಣವೂ ಒಂದೇ ಬ್ಯಾಂಕ್ ಖಾತೆಯಲ್ಲಿರುವುದು ಸಾಮಾನ್ಯ. ಬಂಧುಗಳು ಕೊಟ್ಟ ಕೈಸಾಲ, ಹಳೆಯ ವಾಹನ ಮಾರಿದ ಹಣ, ಸರಕು ಹಿಂದಿರುಗಿಸಿದಾಗ ವಾಪಸು ಬಂದ ಮೊತ್ತ ಎಲ್ಲವೂ ಅಲ್ಲಿಗೇ ಜಮೆಯಾಗುತ್ತವೆ. ದೂರದಿಂದ ನೋಡುವ ಅಧಿಕಾರಿಗೆ ಇವೆಲ್ಲ ಮಾರಾಟವಾಗಿಯೇ ಕಾಣಬಹುದು. ಯಾವ ಜಮೆಯ ಬಗ್ಗೆ ಸಂಶಯ ಎಂದು ಹೇಳಿದರೆ ಅರ್ಧ ದಿನದಲ್ಲಿ ದಾಖಲೆ ಹುಡುಕಿ ಕೊಡಬಹುದು. ಹೇಳದಿದ್ದರೆ ಇಡೀ ವರ್ಷದ ಕಿರ್ದಿ ಬಿಚ್ಚಿ ಕೂರಬೇಕು, ಅಷ್ಟು ದಿನ ವ್ಯಾಪಾರ ನಿಲ್ಲಬೇಕು. ಹೀಗಾಗಿ, ತೆರಬೇಕಿಲ್ಲದ ತೆರಿಗೆಯನ್ನೂ ಕಟ್ಟಿ ಕೈತೊಳೆದುಕೊಂಡವರನ್ನು ನಾನು ಕಂಡಿದ್ದೇನೆ. ವಾದಿಸುವ ಖರ್ಚು ತೆರಿಗೆಗಿಂತ ಹೆಚ್ಚಾದಾಗ ಅವರಿಗೆ ಬೇರೆ ಯಾವ ದಾರಿ ಉಳಿದಿತ್ತು, ಹೇಳಿ. ಕಟ್ಟಿದವರೆಲ್ಲ ತಪ್ಪೊಪ್ಪಿಕೊಂಡವರು ಎಂದು ದಯವಿಟ್ಟು ಲೆಕ್ಕ ಹಾಕಬೇಡಿ.

ನಮ್ಮವರ ಕಡೆ ಲೋಪವಿಲ್ಲ ಎನ್ನುತ್ತಿಲ್ಲ. ಗ್ರಾಹಕರಿಂದ ತೆರಿಗೆ ವಸೂಲು ಮಾಡಿ ಸರ್ಕಾರಕ್ಕೆ ಕಟ್ಟದೆ ಇಟ್ಟುಕೊಂಡವರ ಪರವಾಗಿ ನಾನು ಒಂದು ಮಾತೂ ಆಡುವುದಿಲ್ಲ. ಆದರೆ ಕೂಡಿಸುವಾಗ ಎಡವಿದವರಿಗೂ ಬಚ್ಚಿಟ್ಟವರಿಗೂ ಒಂದೇ ಧಾಟಿಯ ಪತ್ರ ಹೋಗುವುದು ಅನ್ಯಾಯ.

ಇದನ್ನು ಸರಿಪಡಿಸಲು ಸಾಧ್ಯ. ತೆರಿಗೆ ಕೊರತೆಯ ನೋಟಿಸು ಬಂದ ಮೇಲೆ ನ್ಯಾಯಾಲಯಕ್ಕೆ ಹೋಗಲು ಇರುವ ಕೊನೆಯ ದಿನಾಂಕವನ್ನು ಆ ಪತ್ರದಲ್ಲೇ ನಮೂದಿಸಬೇಕೆಂದು ಅಮೆರಿಕ 1998ರಲ್ಲಿ ಕಾನೂನು ಮಾಡಿತು. ಅಲ್ಲಿ ಸಾಮಾನ್ಯವಾಗಿ 90 ದಿನಗಳ ಅವಕಾಶವಿದೆ. ವಿವಾದದ ಮೊತ್ತವನ್ನು ಮೊದಲೇ ಕಟ್ಟದೆ ತೆರಿಗೆ ನ್ಯಾಯಾಲಯದ ಬಾಗಿಲು ತಟ್ಟಬಹುದು. ಸಣ್ಣ ಮೊತ್ತದ ವಿವಾದಗಳಿಗೆ ಸರಳ ವಿಚಾರಣೆಯೂ ಇದೆ. ಅದೇ 1998ರ ಕಾನೂನು, ಬಾಕಿ ತೆರಿಗೆಗೆ ವ್ಯಕ್ತಿಗಳು ತೆರುವ ಬಡ್ಡಿಯ ದರವನ್ನೂ ಹೆಚ್ಚು ಕಟ್ಟಿದ ತೆರಿಗೆಗೆ ಸರ್ಕಾರ ಅವರಿಗೆ ಕೊಡುವ ಬಡ್ಡಿಯ ದರವನ್ನೂ ಸಮ ಮಾಡಿತು. ನಾವು ಒಂದು ದಿನ ತಡಮಾಡಿದರೆ ಬಡ್ಡಿ, ಮರುಪಾವತಿ ತಿಂಗಳುಗಟ್ಟಲೆ ತಡವಾದರೆ ಮೌನ ಎಂಬ ಸ್ಥಿತಿ ಎಲ್ಲಿದ್ದರೂ ಅದು ಹೋಗಬೇಕು.

ಇವೆಲ್ಲಕ್ಕೆ ಕಾನೂನಿನ ತಿದ್ದುಪಡಿ ಬೇಕು, ಸಮಯ ಹಿಡಿಯುತ್ತದೆ, ಬಲ್ಲೆ. ಕಾರಣ ಬರೆಯುವುದಕ್ಕೆ ನಿಮ್ಮದೊಂದು ಸುತ್ತೋಲೆ ಸಾಕು. ಯಾವ ಅವಧಿ, ಯಾವ ವಹಿವಾಟು, ಏಕೆ ಸಂಶಯ, ಯಾವ ದಾಖಲೆ ತಂದರೆ ಸಾಕು: ಇಷ್ಟನ್ನು ಓದುಗರ ಭಾಷೆಯಲ್ಲಿ ಬರೆಯದ ನೋಟಿಸು ಕಚೇರಿಯಿಂದ ಹೊರಡಬಾರದು ಎಂದು ಆದೇಶಿಸಿ.

ಇಂತಿ ವಿಶ್ವಾಸಿ,
ಒಬ್ಬ ಲೆಕ್ಕಪತ್ರ ಬರಹಗಾರ